ಬಲಗಡೆ ಸೀಟಿಗೆ ಬಾಯಿ ಬಂದದ್ದು

ನನ್ನ ಬಗ್ಗೆ ಬಂದ ಮೊದಲ ವರದಿಯಲ್ಲಿ ಎರಡೇ ವಾಕ್ಯಗಳಿದ್ದವು. ಕೈ ಚೆನ್ನಾಗಿದೆ. ಬಾಯಿ ಇಲ್ಲ.

ಬರೆದವರು ಜೀವಮಾನವೆಲ್ಲ ದೊಡ್ಡ ವಿಮಾನ ಹಾರಿಸಿ ನಿವೃತ್ತರಾದ ಒಬ್ಬ ಕ್ಯಾಪ್ಟನ್. ಈಗ ಬೆಂಗಳೂರಿನಲ್ಲಿ ನನ್ನಂಥ ಹೊಸಬರನ್ನು ಪರೀಕ್ಷೆ ಮಾಡುತ್ತಾರೆ. ಅವರು ಬರೆದದ್ದು ಇಂಗ್ಲಿಷಿನಲ್ಲಿ, ಕನ್ನಡ ಮಾಡಿಕೊಂಡವಳು ನಾನು. ನಮ್ಮೂರು ಕಟ್ಟೆಮಳಲವಾಡಿಯಲ್ಲಿ ಯಾರಿಗಾದರೂ ಈ ಕಾಗದ ತೋರಿಸಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. ಊರಲ್ಲಿ ನನಗಿರುವ ಹೆಸರೇ ಬಾಯಿಬಡುಕಿ. ಬಸ್ಸಿನಲ್ಲಿ ಚಿಲ್ಲರೆ ಕೊಡದ ಕಂಡಕ್ಟರನ ಜೊತೆ ಹುಣಸೂರಿನವರೆಗೂ ಜಗಳ ಆಡಿಕೊಂಡು ಹೋದವಳು ನಾನು. ಅಂಥವಳಿಗೆ ಬಾಯಿಲ್ಲವಂತೆ! ಕಾಗದವನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿನ ತಳಕ್ಕೆ ತುರುಕಿ, ಬೆಂಗಳೂರಿನಿಂದ ಊರಿನವರೆಗೂ ಆ ಮನುಷ್ಯನನ್ನು ಮನಸ್ಸಿನಲ್ಲೇ ಬೈದುಕೊಂಡು ಬಂದೆ.

ನಡೆದದ್ದು ಇಷ್ಟು. ಹೊರರಾಜ್ಯದ ಒಂದು ಶಾಲೆಯಲ್ಲಿ ಇನ್ನೂರು ಗಂಟೆ ಸಣ್ಣ ವಿಮಾನ ಹಾರಿಸಿ ನಾನು ಪೈಲಟ್ ಲೈಸೆನ್ಸ್ ಪಡೆದಿದ್ದೆ. ನಾಲ್ಕು ಸೀಟಿನ, ಒಂದು ಎಂಜಿನ್ನಿನ ವಿಮಾನ. ಬಾಗಿಲು ಹಾಕಿದರೆ ನಮ್ಮ ಗೂಡ್ಸ್ ಆಟೋದ ಬಾಗಿಲು ಹಾಕಿದ ಹಾಗೇ ಸದ್ದಾಗುತ್ತದೆ. ಅದರಲ್ಲಿ ಒಬ್ಬಳೇ ಕೂತರೆ ರಾಜನೂ ನಾನೇ, ಮಂತ್ರಿಯೂ ನಾನೇ. ವೇಗ ಕಡಿಮೆಯಾಯಿತೆಂದರೆ ಕೈ ತಾನಾಗಿ ಮುಂದೆ ಹೋಗುತ್ತದೆ, ಎಂಜಿನ್ ಗುರ್ರೆನ್ನುತ್ತದೆ, ಕೆಲಸ ಮುಗಿಯಿತು. ಯಾರಿಗೂ ಏನೂ ಹೇಳಬೇಕಾಗಿಲ್ಲ.

ಜೆಟ್ ಹಾಗಲ್ಲ. ಮೊದಲನೆಯದಾಗಿ ಅದಕ್ಕೆ ಅವಸರ ಜಾಸ್ತಿ. ಹುಣಸೂರಿನಲ್ಲೊಂದು ವಿಮಾನ ನಿಲ್ದಾಣ ಇದೆ ಅಂದುಕೊಳ್ಳಿ. ಸಣ್ಣ ವಿಮಾನದಲ್ಲಾದರೆ ಪಿರಿಯಾಪಟ್ಟಣ ಕಂಡ ಮೇಲೆ ಇಳಿಯುವ ಯೋಚನೆ ಮಾಡಿದರೂ ಸಾಕು. ಜೆಟ್‌ನಲ್ಲಿ ಮಂಗಳೂರಿನ ಮೇಲಿರುವಾಗಲೇ ಇಳಿಯಲು ಶುರು ಮಾಡಬೇಕು. ಎಂಜಿನ್ನಿಗೆ ಶಕ್ತಿ ಕೊಟ್ಟರೆ ಅದು ತಕ್ಷಣ ಬರುವುದಿಲ್ಲ, ಕೆಲವು ಸೆಕೆಂಡು ಯೋಚಿಸಿ ಬರುತ್ತದೆ. ಇವೆಲ್ಲ ಓದಿದರೆ, ಅಭ್ಯಾಸ ಮಾಡಿದರೆ ಬರುವ ವಿದ್ಯೆ. ನನಗೂ ಬಂದಿತ್ತು. ಕೈ ಚೆನ್ನಾಗಿದೆ ಎಂದು ಅವರೇ ಬರೆದಿದ್ದಾರಲ್ಲ.

ಆದರೆ ಜೆಟ್‌ನಲ್ಲಿ ಇಬ್ಬರಿರುತ್ತಾರೆ. ಎಡಗಡೆ ಕ್ಯಾಪ್ಟನ್, ಬಲಗಡೆ ನನ್ನಂಥವರು. ಒಬ್ಬರು ಹಾರಿಸುವಾಗ ಇನ್ನೊಬ್ಬರು ಮುಳ್ಳುಗಳನ್ನೂ ಅಂಕಿಗಳನ್ನೂ ನೋಡುತ್ತಿರಬೇಕು, ತಪ್ಪಿದ್ದು ಕಂಡ ಕೂಡಲೇ ಬಾಯಿಬಿಟ್ಟು ಹೇಳಬೇಕು. ಹೇಳಿದ್ದಕ್ಕೆ ಉತ್ತರ ಬರದಿದ್ದರೆ ಇನ್ನೊಮ್ಮೆ ಹೇಳಬೇಕು. ಎರಡನೆಯದಕ್ಕೂ ಉತ್ತರವಿಲ್ಲದಿದ್ದರೆ ಎಡಗಡೆ ಕೂತವರಿಗೆ ಏನೋ ಆಗಿದೆ ಎಂದೇ ಲೆಕ್ಕ, ವಿಮಾನವನ್ನು ನಾವೇ ಕೈಗೆ ತೆಗೆದುಕೊಳ್ಳಬೇಕು. ಇದನ್ನು ನಾನು ಪುಸ್ತಕದಲ್ಲಿ ಓದಿ, ಕೆಳಗೆ ಕೆಂಪು ಗೆರೆ ಎಳೆದು, ಬಾಯಿಪಾಠವನ್ನೂ ಮಾಡಿದ್ದೆ.

ಪರೀಕ್ಷೆಯ ದಿನ ಸಿಮ್ಯುಲೇಟರಿನಲ್ಲಿ, ಅಂದರೆ ನೆಲದ ಮೇಲೇ ನಿಂತು ಹಾರಿದಂತೆ ಅಲ್ಲಾಡುವ ಆ ದೊಡ್ಡ ಡಬ್ಬದಲ್ಲಿ, ಕ್ಯಾಪ್ಟನ್ ಎಡಗಡೆ ಕೂತರು. ಬಿಳಿ ತಲೆ, ದಾರದಲ್ಲಿ ಕಟ್ಟಿ ಕುತ್ತಿಗೆಗೆ ನೇತುಹಾಕಿದ ಕನ್ನಡಕ. ನನಗೆ ನಮ್ಮ ಹೈಸ್ಕೂಲಿನ ಹೆಡ್ ಮಾಸ್ಟರ ನೆನಪಾಯಿತು. ಅಲ್ಲೇ ನಾನು ಅರ್ಧ ಸತ್ತೆ. ರನ್‌ವೇ ಹತ್ತಿರ ಬರುತ್ತಿದ್ದಂತೆ ಅವರು ಬೇಕೆಂದೇ ವೇಗ ಇಳಿಯಲು ಬಿಟ್ಟರು. ನನಗೆ ಕಂಡಿತು. ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟವಾಗಿ ಕಂಡಿತು. ಹೇಳಬೇಕಾದದ್ದು ಒಂದೇ ಮಾತು, ‘ಸ್ಪೀಡ್’. ನನ್ನ ಬಾಯಿಂದ ಬಂದದ್ದು, “ಸರ್, ಇಫ್ ಯೂ ಡೋಂಟ್ ಮೈಂಡ್, ಸ್ವಲ್ಪ ಸ್ಪೀಡ್...” ಅಷ್ಟರಲ್ಲಿ ಎಚ್ಚರಿಕೆಯ ಸದ್ದು ಹೊಡೆದುಕೊಂಡಿತು, ವಿಮಾನ ತಿರುಗಿಸುವ ಹಿಡಿಕಂಬಿ ಗಡಗಡ ನಡುಗಿತು. ಅವರು ಗುಂಡಿ ಒತ್ತಿ ಎಲ್ಲವನ್ನೂ ನಿಲ್ಲಿಸಿದರು. ರನ್‌ವೇ ನಮ್ಮ ಮೂಗಿನ ಮುಂದೆ ಚಿತ್ರದ ಹಾಗೆ ನಿಂತುಬಿಟ್ಟಿತು.

“ಯಾವಾಗ ನೋಡಿದೆ?” ಎಂದು ಕೇಳಿದರು.

“ಆಗಲೇ ನೋಡಿದ್ದೆ ಸರ್. ಏಳೆಂಟು ಸೆಕೆಂಡಿನ ಹಿಂದೆ.”

“ಆ ಏಳೆಂಟು ಸೆಕೆಂಡು ಏನು ಮಾಡುತ್ತಿದ್ದೆ?”

ಸುಳ್ಳು ಹೊಳೆಯಲಿಲ್ಲ. “ವಾಕ್ಯ ಜೋಡಿಸುತ್ತಿದ್ದೆ ಸರ್,” ಎಂದೆ. ಅವರು ನಗಲಿಲ್ಲ. ಇನ್ನು ನಾಲ್ಕು ವಾರಕ್ಕೆ ಇನ್ನೊಂದು ಅವಕಾಶ, ಅದೇ ಕಡೆಯದು, ಅದರಲ್ಲೂ ಹೀಗೇ ಆದರೆ ಜೆಟ್ ತರಬೇತಿಯ ನನ್ನ ಜಾಗ ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ ಎಂದರು. ಅದನ್ನು ಅವರು ಎಷ್ಟು ಸಮಾಧಾನವಾಗಿ ಹೇಳಿದರೆಂದರೆ ಬಯ್ದಿದ್ದರೇ ವಾಸಿ ಅನ್ನಿಸಿತು.

ನಮ್ಮ ಕಡೆಯವರಿಗೆ ಇದು ಅರ್ಥವಾಗುತ್ತದೆ. ಸರೀಕರ ಹತ್ತಿರ ಬಾಯಿ ಎಷ್ಟು ಬೇಕಾದರೂ ಹರಿಯಲಿ, ದೊಡ್ಡವರಿಗೆ ನೀವು ತಪ್ಪುತ್ತಿದ್ದೀರಿ ಎಂದು ಮುಖಕ್ಕೆ ಹೇಳುವುದಿಲ್ಲ. ಹೇಳಲೇಬೇಕಾದರೆ ಎಮ್ಮೆಗೆ ಹೇಳುತ್ತೇವೆ. ಮಾವನ ಪಂಚೆ ಬೇಲಿಗೆ ಸಿಕ್ಕಿಕೊಂಡಿದ್ದರೆ ಸೊಸೆಯಾದವಳು ಎಮ್ಮೆಯ ಕಡೆ ತಿರುಗಿ, “ಯಾರ್ದೋ ಪಂಚೆ ಹರಿತಾ ಅದೆ ಕಣಮ್ಮ,” ಅನ್ನುತ್ತಾಳೆ. ಮಾವ ಕೇಳಿಸದವರಂತೆ ಕೇಳಿಸಿಕೊಂಡು ಪಂಚೆ ಬಿಡಿಸಿಕೊಳ್ಳುತ್ತಾರೆ. ಎಮ್ಮೆ ಮೆಲುಕು ಹಾಕುತ್ತಿರುತ್ತದೆ. ಎಲ್ಲರ ಮರ್ಯಾದೆಯೂ ಉಳಿಯುತ್ತದೆ. ವಿಮಾನದಲ್ಲಿ ಎಮ್ಮೆ ಇರುವುದಿಲ್ಲ ಎನ್ನುವುದೇ ನನ್ನ ತೊಂದರೆ.

ಸೋತು ಮನೆಗೆ ಬಂದಾಗ ಹೊಗೆಸೊಪ್ಪಿನ ಕಾಲ. ಅಪ್ಪ ಅವ್ವ ಇಬ್ಬರಿಗೂ ತಲೆ ಕೆರೆದುಕೊಳ್ಳಲು ಪುರುಸೊತ್ತಿಲ್ಲ. ಆದರೂ ವಿಷಯ ಹೇಳಿದಾಗ ಅಪ್ಪ ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, “ಅಷ್ಟೇನಾ? ಇಲ್ಲೇ ಕಲ್ತ್ಕ ಬುಡು. ನಾನೇ ಕ್ಯಾಪ್ಟನ್ ಆಗ್ತೀನಿ,” ಎಂದರು. ಅಪ್ಪನಿಗೆ ಎಲ್ಲವೂ ಅಷ್ಟೇ ಸುಲಭ.

ಕಾಕ್‌ಪಿಟ್‌ನ ನಿಜಗಾತ್ರದ ಚಿತ್ರ ಬೇಕಾಗಿತ್ತು. ಹುಣಸೂರಿನ ಫ್ಲೆಕ್ಸ್ ಅಂಗಡಿಗೆ ಹೋದೆ. ಹುಟ್ಟುಹಬ್ಬದ ಶುಭಾಶಯ, ಭಾವಪೂರ್ಣ ಶ್ರದ್ಧಾಂಜಲಿ ಎರಡನ್ನೂ ಒಂದೇ ಉತ್ಸಾಹದಲ್ಲಿ ಛಾಪಿಸುವ ಅಂಗಡಿ. ಮಾಲೀಕರು ಚಿತ್ರವನ್ನು ಹಿಂದೆ ಮುಂದೆ ಮಾಡಿ ನೋಡಿ, “ಇಷ್ಟೊಂದು ಸ್ವಿಚ್ಚಾ! ಆಯ್ತು ಬುಡಿ. ಮೂಲೇಲಿ ಯಾರ್ ಫೋಟೋ ಹಾಕ್ಲಿ? ಶುಭಕೋರುವವರು ಅಂತ ಕೆಳಗಡೆ?” ಎಂದು ಕೇಳಿದರು. ಯಾರದೂ ಬೇಡ ಎಂದಾಗ ಅವರಿಗೆ ನನ್ನ ಮೇಲೆ ಕನಿಕರವೇ ಬಂದಂತೆ ಕಾಣಿಸಿತು.

ಫ್ಲೆಕ್ಸನ್ನು ಮನೆಯ ಹಿಂಭಾಗದ ಗೋಡೆಗೆ ಮೊಳೆ ಹೊಡೆದು ಕಟ್ಟಿ, ಅದರ ಮುಂದೆ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿದೆವು. ಅಪ್ಪ ಎಡಗಡೆ, ನಾನು ಬಲಗಡೆ. ಅವರು ಸುಮ್ಮನೆ ಒಂದು ತಪ್ಪು ಮಾಡಬೇಕು, ನಾನು ಕೂಗಿ ಹೇಳಬೇಕು. ಅಪ್ಪನಿಗೋ ತಪ್ಪು ಮಾಡುವುದರಲ್ಲಿ ವಿಪರೀತ ಪ್ರಾಮಾಣಿಕತೆ. “ಈಗ ಸ್ಪೀಡ್ ಕಮ್ಮಿ ಮಾಡ್ದೆ ಕಣವ್ವ, ನೋಡ್ಕ,” ಎಂದು ಅವರೇ ಹೇಳಿಬಿಡುವರು. ಹೇಳಬೇಡಿ ಅಪ್ಪ ಎಂದರೆ ಸುಮ್ಮನೆ ಕೂತು ಕೆನ್ನೆಯಲ್ಲೇ ನಗುವರು. ಆ ಮುಖ ನೋಡಿ ನಾನು, “ಅಪ್ಪಾ, ಸ್ಪೀಡು ಒಸಿ...” ಎಂದು ರಾಗ ಎಳೆಯುವೆ. “ಆಯ್ತವ್ವ ಆಯ್ತು,” ಅನ್ನುವರು. ಒಂದು ವಾರ ಹೀಗೇ ಹೋಯಿತು. ನಮ್ಮಿಬ್ಬರ ವಿಮಾನ ದಿನಕ್ಕೆ ಹತ್ತು ಸಲ ಪ್ರೀತಿಯಿಂದ ನೆಲಕ್ಕೆ ಬೀಳುತ್ತಿತ್ತು.

ಆ ಭಾನುವಾರ ಕೆ.ಆರ್. ನಗರದಲ್ಲಿ ನೆಂಟರ ಮನೆಯ ಗೃಹಪ್ರವೇಶ. ಗೂಡ್ಸ್ ಆಟೋದಲ್ಲಿ ಹೊರಟೆವು. ಅಪ್ಪ ಓಡಿಸುತ್ತಿದ್ದರು, ನಾನು ಪಕ್ಕದಲ್ಲಿ. ಅವ್ವ ರೇಷ್ಮೆ ಸೀರೆ ಉಟ್ಟು ಹಿಂದೆ, ಎರಡು ಬಾಳೆಗೊನೆ ಮತ್ತು ಒಂದು ಕ್ಯಾನು ಮೊಸರಿನ ಕಾವಲಿಗೆ ಕೂತಿದ್ದಳು. ಒಂದು ತಿರುವು ದಾಟಿದ ಮೇಲೆ ಬಣ್ಣ ಹೊಡೆಯದ ಹೊಸ ಹಂಪು ನನಗೆ ದೂರದಿಂದಲೇ ಕಂಡಿತು. ಅಪ್ಪ ಪಕ್ಕದ ಗದ್ದೆಯ ನಾಟಿ ನೋಡುತ್ತಿದ್ದರು. ನಾನು ಮುಂದಿನ ಗಾಜಿಗೆ ಹೇಳಿದೆ: “ಈ ಕಡೆ ಹಂಪು ಜಾಸ್ತಿ ಆಗವೆ ಅಲ್ವಾ.”

ಗಾಡಿ ಹಾರಿ ಬಿತ್ತು. ಹಿಂದಿನಿಂದ ಅವ್ವನ ಕೂಗು ಕೇಳಿತು. ಇಳಿದು ಓಡಿ ಹೋಗಿ ನೋಡಿದರೆ ಕ್ಯಾನಿನ ಮುಚ್ಚಳ ಹಾರಿ, ಮೊಸರು ಅವ್ವನ ತಲೆಯಿಂದ ಸೆರಗಿನವರೆಗೂ ಹರಿದಿತ್ತು.

“ನೀ ನೋಡಿದ್ಯೋ ಇಲ್ವೋ?” ಎಂದು ಅವ್ವ ಕೇಳಿದಳು.

“ನೋಡ್ದೆ ಕಣವ್ವ. ಹೇಳಿದ್ನಲ್ಲ.”

“ಏನಂತ ಹೇಳ್ದೆ?”

ಹೇಳಿದ್ದನ್ನೇ ಹೇಳಿದೆ. ಅವ್ವ ಹುಬ್ಬಿನ ಮೇಲಿನ ಮೊಸರು ಒರೆಸಿಕೊಂಡು ನನ್ನನ್ನೇ ದಿಟ್ಟಿಸಿದಳು. “ಅದು ಹೇಳೋದಾ? ಅದು ಹರಟೆ. ಬೆಂಗ್ಳೂರಲ್ಲೂ ಹಿಂಗೇ ಮಾಡಿದ್ಯಾ?” ನಾನು ತಲೆ ತಗ್ಗಿಸಿದೆ. ಅವಳು ರಸ್ತೆ ಪಕ್ಕದ ನಾಲೆಯಲ್ಲಿ ಸೆರಗು ತೊಳೆದುಕೊಂಡು, ಒದ್ದೆ ಸೀರೆಯಲ್ಲೇ ಗೃಹಪ್ರವೇಶದ ಊಟ ಮಾಡಿ ಬಂದಳು. ಮಾರನೆಯ ಬೆಳಗ್ಗೆ ನನ್ನನ್ನು ಬ್ಯಾರನ್ ಹತ್ತಿರಕ್ಕೆ ಕರೆದಳು.

ಬ್ಯಾರನ್ ಎಂದರೆ ಹೊಗೆಸೊಪ್ಪು ಬೇಯಿಸುವ ಎತ್ತರದ ಮನೆ. ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ ಒಳಗೆ ಸಾಲು ಸಾಲಾಗಿ ನೇತುಹಾಕುತ್ತಾರೆ. ಕೆಳಗೆ ನೆಲದ ಉದ್ದಕ್ಕೂ ತಗಡಿನ ದಪ್ಪ ಕೊಳವೆಗಳು, ಹೊರಗೋಡೆಯಲ್ಲಿ ಒಲೆ. ಒಲೆಯ ಬಿಸಿ ಕೊಳವೆಯಲ್ಲಿ ಹರಿದು ಸೊಪ್ಪು ಐದಾರು ದಿನ ನಿಧಾನವಾಗಿ ಹಳದಿಯಾಗಿ ಒಣಗಬೇಕು. ಶುರುವಿನ ದಿನಗಳಲ್ಲಿ ಬಿಸಿ ನೂರು ಡಿಗ್ರಿ ಫ್ಯಾರನ್‌ಹೀಟಿನ ಆಚೀಚೆ ನಿಲ್ಲಬೇಕು. ಅವಸರದಲ್ಲಿ ಏರಿದರೆ ಸೊಪ್ಪಿನ ಹಸಿರು ಹಾಗೇ ಕೂತುಬಿಡುತ್ತದೆ, ಆಮೇಲೆ ಅದನ್ನು ಮೂಸುವವರಿಲ್ಲ. ಒಳಗಿನ ಥರ್ಮಾಮೀಟರು ಕಾಣುವುದು ಬಾಗಿಲ ಪಕ್ಕದ ಗಾಜಿನ ಕಿಂಡಿಯಲ್ಲಿ. ಒಲೆ ಇರುವುದು ಅದರ ಎದುರು ಬದಿಯ ಗೋಡೆಯಲ್ಲಿ. ಒಲೆಯ ಮುಂದೆ ಕೂತವರಿಗೆ ಅಂಕಿ ಕಾಣುವುದಿಲ್ಲ, ಕಿಂಡಿಯ ಮುಂದೆ ಕೂತವರಿಗೆ ಬೆಂಕಿ ಕಾಣುವುದಿಲ್ಲ.

ನಮ್ಮನೆಯಲ್ಲಿ ಒಲೆ ಅಪ್ಪನದು, ಕಿಂಡಿ ಅವ್ವನದು. ಹುಟ್ಟಿದಾಗಿನಿಂದ ನೋಡಿದ್ದೇನೆ. ನೋಡಿ ನೋಡಿ ಕಾಣದಂತೆ ಆಗಿಬಿಟ್ಟಿತ್ತು. ಅಂದು ಕಿಂಡಿಯ ಪಕ್ಕ ಸುಮ್ಮನೆ ಕೂತು ಕೇಳಿದೆ. ಅವ್ವ ಸೊಪ್ಪು ಕಟ್ಟುತ್ತಲೇ ಕತ್ತು ಎತ್ತಿ ಒಮ್ಮೆ ನೋಡುವಳು, ಕೂಗುವಳು. “ತೊಂಬತ್ತೆಂಟು!” ಸ್ವಲ್ಪ ಹೊತ್ತಿಗೆ, “ನೂರೆರಡು! ಸೌದೆ ಎಳೀರಿ!” ಆಚೆಯಿಂದ ಅಪ್ಪನ ದನಿ, “ಎಳ್ದೆ!” ಮತ್ತೆ ಅವ್ವ, “ನಿಂತ್ಕತು!” ಅಪ್ಪ, “ಸರಿ!”

ನನ್ನ ಪುಸ್ತಕದಲ್ಲಿ ಕೆಂಪು ಗೆರೆ ಎಳೆದಿದ್ದೆನಲ್ಲ, ಅದೇ ಇದು. ಅಂಕಿ ಹೇಳು, ಮಾಡಬೇಕಾದ್ದು ಹೇಳು, ಮಾಡಿದವರು ಮಾಡಿದೆ ಎನ್ನಲಿ. ಹೇಳುತ್ತಿರುವುದು ಯಾರು? ಇವತ್ತಿಗೂ ಗಂಡನ ಹೆಸರನ್ನು ಬಾಯಿಂದ ಆಡದ ನನ್ನವ್ವ. ನೆಂಟರೆದುರಿಗೆ ಅಪ್ಪ ಸಾರಿಗೆ ಉಪ್ಪು ಜಾಸ್ತಿ ಎಂದರೆ, ಜಾಸ್ತಿ ಇಲ್ಲದಿದ್ದರೂ ಹೌದು ಅನ್ನುವ ಹೆಂಗಸು.

“ಅವ್ವ, ಹಿಂಗೆ ಕೂಗಕ್ಕೆ ನಿಂಗೆ ಒಂಥರಾ ಆಗಲ್ವಾ?” ಎಂದು ಕೇಳಿದೆ.

ಅವಳು ಕೈಯಲ್ಲಿದ್ದ ಕಡ್ಡಿಗೆ ಇನ್ನೆರಡು ಹಿಡಿ ಸೊಪ್ಪು ಕಟ್ಟಿದಳು. ಆಮೇಲೆ ಹೇಳಿದಳು. ಆ ಕಥೆಯನ್ನು ನಾನು ಅದುವರೆಗೆ ಕೇಳಿರಲಿಲ್ಲ. ಹಿಂದೆ ನಮ್ಮ ಹಳೇ ಬ್ಯಾರನ್ ಸುಟ್ಟುಹೋಗಿತ್ತು ಎಂಬುದಷ್ಟೇ ಗೊತ್ತಿತ್ತು.

ಅವ್ವನ ತವರು ಎಚ್.ಡಿ. ಕೋಟೆ ಕಡೆಯ ಹಂಪಾಪುರ. ಅವರ ಮನೆಯಲ್ಲಿ ಬೆಳೆಯುತ್ತಿದ್ದದ್ದು ಹತ್ತಿ, ಬ್ಯಾರನ್ ಒಳಹೊಕ್ಕು ನೋಡಿದವಳಲ್ಲ. ಮದುವೆಯಾಗಿ ಬಂದ ಮೂರನೇ ತಿಂಗಳು. ಒಲೆಯ ಮುಂದೆ ಅವಳ ಮಾವ, ಅಂದರೆ ನನ್ನ ತಾತ, ಕೂತಿದ್ದರು. ಇವಳು ಬಾಗಿಲ ಕಡೆ ಸೊಪ್ಪು ಕಟ್ಟುತ್ತಿದ್ದಳು. ಕಿಂಡಿಯಲ್ಲಿ ಇಣುಕಿದರೆ, ಕಡ್ಡಿಯಿಂದ ಜಾರಿದ ಒಂದು ಎಲೆ ಬಿಸಿ ಕೊಳವೆಯ ಮೇಲೆ ಬಿದ್ದು ಸಣ್ಣಗೆ ಹೊಗೆಯಾಡುತ್ತಿತ್ತು.

“ಮಾವಂಗೆ ಕೂಗಿ ಹೇಳೋದಾ? ಅವ್ರ ಮುಂದೆ ನಿಂತು ಮಾತಾಡ್ದೋಳಲ್ಲ ನಾನು. ಅತ್ತೆಗೆ ಹೇಳಿ, ಅತ್ತೆ ಕೈಲಿ ಹೇಳ್ಸಾನ ಅಂತ ಮನೆ ತಾವ್ಕೆ ಹೋದೆ. ಅತ್ತೆ ಕೊಟ್ಟಿಗೇಲಿದ್ರು. ಸೆರಗು ಸರಿ ಮಾಡ್ಕಂಡು, ಅತ್ತೇ, ಹಿಂಗ್ಹಿಂಗೆ ಅಂದೆ. ವಾಪಸ್ ಬರೋ ಅಷ್ಟ್ರಲ್ಲಿ ಮೇಲಿನ ಹಂಚು ಪಟಪಟ ಒಡೀತಿತ್ತು.”

ಕಡ್ಡಿ ಕಡ್ಡಿ ಸೊಪ್ಪು, ತೊಲೆ, ಬಾಗಿಲು, ಎಲ್ಲ ಹೋಯಿತು. ಮೊದಲು ನೋಡಿದ್ದು ಯಾರು ಎಂದು ತಾತ ಕೇಳಿದಾಗ ಅವ್ವ ನಾನೇ ಎಂದಳಂತೆ. ತಾತ ಮೂರು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಮುಂದಿನ ವರ್ಷ ಹೊಸ ಬ್ಯಾರನ್ ಎದ್ದಿತು. ಮೊದಲ ಸಲ ಬೆಂಕಿ ಹಾಕುವ ದಿನ ತಾತ ತಾವೇ ಒಂದು ಮಣೆ ತಂದು ಕಿಂಡಿಯ ಕೆಳಗೆ ಹಾಕಿ ಸೊಸೆಯನ್ನು ಕರೆದರು.

“ಇಲ್ಲಿ ಕೂತ್ಕೊಳವ್ವ ಅಂದ್ರು. ಇಲ್ಲಿ ಕೂತಾಗ ನಾನು ನಿನ್ ಮಾವ ಅಲ್ಲ, ಕಂಡಿದ್ದು ಕೂಗು, ಕೂಗ್ದಿದ್ರೆ ಬಯ್ತೀನಿ ಅಂದ್ರು. ಮೊದಲ್ನೇ ದಿನ ಪೂರಾ ಅಳ್ತಾ ಅಳ್ತಾ ನಂಬರ್ ಕೂಗಿದ್ದೀನಿ ಕಣೆ. ಆಮೇಲೆ ಅಭ್ಯಾಸ ಆಯ್ತು.” ಅವ್ವ ಎದ್ದು ಸೀರೆಗೆ ಅಂಟಿದ್ದ ಸೊಪ್ಪು ಕೊಡವಿದಳು. “ಅವ್ರಿಗೆ ಕಾಣಲ್ಲ, ನಂಗೆ ಕಾಣ್ತದೆ. ಕಂಡಿದ್ದು ಹೇಳ್ದಿದ್ರೆ ನಾನ್ಯಾಕೆ ಇಲ್ಲಿ ಕೂತಿರ್ಬೇಕು? ಬಾ, ನೀ ಕೂತ್ಕ.”

ತನ್ನ ಮಣೆ ನನಗೆ ಬಿಟ್ಟು ಅವಳು ದೂರ ಹೋಗಿ ಕಟ್ಟಲು ಕೂತಳು. ಇಷ್ಟು ವರ್ಷ ಇದನ್ನು ಯಾಕೆ ಕೇಳಲಿಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು.

ಶುರುವಿನಲ್ಲಿ ನಾನು ಹಾಳಾದ ಹಾಡನ್ನೇ ಹಾಡಿದೆ. “ಅಪ್ಪಾ, ಒಸಿ ಜಾಸ್ತಿ ಆದಂಗದೆ!” ಆಚೆಯಿಂದ ಅಪ್ಪ, “ಎಷ್ಟು?” ಎಂದರು. ಅವ್ವ ದೂರದಿಂದಲೇ ಗದರಿದಳು: “ಆದಂಗೆ ಗೀದಂಗೆ ಬ್ಯಾಡ. ನಂಬರ್ ಹೇಳು. ಏನ್ ಮಾಡ್ಬೇಕು ಹೇಳು. ಬಾಯ್ ಮುಚ್ಕ.” ಎರಡನೇ ದಿನಕ್ಕೆ ವಾಕ್ಯಗಳು ಗಿಡ್ಡವಾದವು. ಮೂರನೇ ದಿನಕ್ಕೆ ‘ಅಪ್ಪಾ’ ಎನ್ನುವುದು ಉದುರಿಹೋಯಿತು. “ನೂರ ಮೂರು! ಸೌದೆ ಎಳೀರಿ!” ಅಪ್ಪ ಎಳೆಯುತ್ತಿದ್ದರು. ಅವರಿಗೆ ಬೇಜಾರಾಯಿತೇನೋ ಎಂದು ಪ್ರತಿ ಸಲವೂ ಗೋಡೆ ಸುತ್ತಿ ಹೋಗಿ ಇಣುಕುತ್ತಿದ್ದೆ. ಅವರು ಬೀಡಿ ಹಚ್ಚಿಕೊಂಡು ಆರಾಮಾಗಿ ಕೂತಿರುತ್ತಿದ್ದರು.

ಮುಂದಿನ ಸರದಿಯ ಸೊಪ್ಪು ಏರಿಸಿದ ಮಾರನೆಯ ಮಧ್ಯಾಹ್ನ ಗಾವಡಗೆರೆಯಿಂದ ಅಪ್ಪನ ದೊಡ್ಡಪ್ಪನ ಮಗ, ಅಂದರೆ ನನಗೆ ದೊಡ್ಡಪ್ಪ, ಬಂದರು. ಅಪ್ಪನಿಗಿಂತ ಹಿರಿಯರು, ಮನೆತನದಲ್ಲಿ ಅವರ ಮಾತಿಗೆ ಎದುರಾಡುವವರಿಲ್ಲ. ಒಲೆಯ ಹತ್ತಿರವೇ ಕಲ್ಲಿನ ಮೇಲೆ ಕೂತು ಯಾವುದೋ ಜಮೀನಿನ ವಿಷಯ ತೆಗೆದರು. ಅಪ್ಪ ಅದರಲ್ಲಿ ಮುಳುಗಿಹೋದರು. ಕಿಂಡಿಯಲ್ಲಿ ಅಂಕಿ ಏರತೊಡಗಿತು. “ನೂರ ನಾಲ್ಕು! ಸೌದೆ ಎಳೀರಿ!” ಉತ್ತರವಿಲ್ಲ. ದೊಡ್ಡಪ್ಪನ ದನಿ ಮಾತ್ರ ಕೇಳುತ್ತಿತ್ತು. ಅವರೆದುರಿಗೆ ಇನ್ನೊಮ್ಮೆ ಕೂಗುವುದಾ ಎಂದು ಮನಸ್ಸು ಹಿಂಜರಿಯಿತು. ವಾಕ್ಯ ಜೋಡಿಸಲು ಶುರು ಮಾಡಿದ್ದೇನೆ ಎಂದು ಆ ಕ್ಷಣ ನನಗೇ ಗೊತ್ತಾಯಿತು. “ನೂರ ಆರು! ಸೌದೆ!” ಎಂದು ಕಿರುಚಿದೆ. ಆಗಲೂ ಉತ್ತರವಿಲ್ಲ. ಎದ್ದು ಓಡಿ ಗೋಡೆ ಸುತ್ತಿ ಹೋಗಿ, ಇಬ್ಬರ ನಡುವೆ ನುಗ್ಗಿ, ಉರಿಯುವ ಎರಡು ಕೊರಡು ಎಳೆದು ಹೊರಗೆ ಹಾಕಿ ಒಲೆಯ ತಗಡಿನ ಬಾಗಿಲು ಮುಚ್ಚಿದೆ. ಕೈಯ ರೋಮ ಸುಟ್ಟ ವಾಸನೆ ಬಂತು.

ದೊಡ್ಡಪ್ಪ ಕಣ್ಣು ಕಣ್ಣು ಬಿಟ್ಟರು. “ಏನ್ಲಾ ಇದು, ನಿನ್ ಮಗ್ಳು ನಿನ್ನೇ ಗದರುಸ್ತಾಳೆ?”

ನಾನು ಅಪ್ಪನ ಮುಖ ನೋಡಲಾರದೆ ನಿಂತೆ. ಅಪ್ಪ ಟವಲ್ಲಿನಲ್ಲಿ ಬೆವರು ಒರೆಸಿಕೊಂಡರು. “ತಪ್ಪು ನಂದೇ ಕಣಣ್ಣ. ಎರಡ್ ಸಲ ಕೂಗಿದ್ಲು, ನಾನು ನಿನ್ ಮಾತಲ್ಲಿದ್ದೆ,” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಈಗೆಷ್ಟದೆ ನೋಡೋಗವ್ವ,” ಎಂದರು. ಕಿಂಡಿಯ ಕಡೆ ಓಡುವಾಗ ನನಗೆ ಎಷ್ಟು ಹಗುರವಾಗಿತ್ತೆಂದರೆ, ಮೊದಲ ಸಲ ಒಬ್ಬಳೇ ವಿಮಾನ ಹಾರಿಸಿ ಇಳಿದಾಗಲೂ ಹಾಗನ್ನಿಸಿರಲಿಲ್ಲ.

ನಾಲ್ಕು ವಾರ ಮುಗಿದು ಬೆಂಗಳೂರಿಗೆ ಹೋದೆ. ಅದೇ ಡಬ್ಬ, ಅದೇ ಬಿಳಿ ತಲೆ. ರಾತ್ರಿಯೆಲ್ಲ ಬ್ಯಾರನ್ ನೆನೆಸಿಕೊಂಡೇ ಧೈರ್ಯ ತಂದುಕೊಂಡೆ ಎಂದು ಬರೆದರೆ ಚೆಂದ ಕಾಣುತ್ತದೆ, ಆದರೆ ನಿಜವಲ್ಲ. ಚೆನ್ನಾಗಿ ನಿದ್ದೆ ಮಾಡಿದ್ದೆ. ಸೀಟಿನಲ್ಲಿ ಕೂತು ಬೆಲ್ಟು ಬಿಗಿ ಮಾಡಿಕೊಂಡೆ.

ಮೋಡದಿಂದ ಹೊರಬಂದು ರನ್‌ವೇ ಕಾಣುತ್ತಿದ್ದಂತೆ ವೇಗ ಇಳಿಯಿತು. “ಸ್ಪೀಡ್,” ಎಂದೆ. ಅವರು ಸರಿ ಮಾಡಿಕೊಂಡರು. ಇಷ್ಟೇನಾ ಅನ್ನಿಸಿತು. ಇಷ್ಟೇ ಆಗಿರಲಿಲ್ಲ. ಇನ್ನೂ ಕೆಳಗೆ ಬಂದ ಮೇಲೆ ವಿಮಾನ ಇಳಿಯಬೇಕಾದ್ದಕ್ಕಿಂತ ಬಿರುಸಾಗಿ ಇಳಿಯತೊಡಗಿತು. ಈ ಸಲ ಅವರು ಎತ್ತಲೋ ನೋಡುತ್ತಿದ್ದರು. “ಸಿಂಕ್ ರೇಟ್,” ಎಂದೆ. ಮಾತಿಲ್ಲ. “ಸಿಂಕ್ ರೇಟ್! ಗೋ ಅರೌಂಡ್!” ಎಂದೆ. ಅಂದರೆ ಇಳಿಯುವುದು ಬೇಡ, ಮೇಲಕ್ಕೆ ಎತ್ತಿ ಎಂದು. ಅದಕ್ಕೂ ಮಾತಿಲ್ಲ. ಅವರ ಕೈ ಎಂಜಿನ್ನಿಗೆ ಶಕ್ತಿ ಕೊಡುವ ಲಿವರಿನ ಮೇಲೆ ಕಲ್ಲಿನಂತೆ ಕೂತಿತ್ತು. ಅವರ ವಯಸ್ಸು, ಅವರ ಅನುಭವ, ಭುಜದ ಮೇಲಿನ ನಾಲ್ಕು ಪಟ್ಟಿ, ಎಲ್ಲ ನನಗೆ ಕಾಣುತ್ತಿದ್ದವು, ನೆಲವೂ ಕಾಣುತ್ತಿತ್ತು. “ಐ ಹ್ಯಾವ್ ಕಂಟ್ರೋಲ್,” ಎಂದು ಹೇಳಿ, ಅವರ ಕೈಯನ್ನು ನನ್ನ ಕೈಯಿಂದ ತಳ್ಳಿ, ಲಿವರು ಮುಂದಕ್ಕೆ ಒತ್ತಿದೆ. ಎಂಜಿನ್ ತನ್ನ ಹೊತ್ತು ತೆಗೆದುಕೊಂಡು ಎದ್ದಿತು. ರನ್‌ವೇ ನಮ್ಮ ಕೆಳಗೆ ಜಾರಿಹೋಯಿತು.

ಮೇಲೆ ಬಂದು ಎಲ್ಲ ಸಮವಾದ ಮೇಲೆ ಅವರು ಗುಂಡಿ ಒತ್ತಿ ನಿಲ್ಲಿಸಿದರು. ಹೆಡ್‌ಸೆಟ್ ತೆಗೆದು, ನನ್ನ ಕಡೆ ಪೂರ್ತಿ ತಿರುಗಿ, “ಥ್ಯಾಂಕ್ ಯೂ,” ಎಂದರು. ಪರೀಕ್ಷೆ ಮಾಡಿದವರು ಹೇಳುವಂತೆ ಅಲ್ಲ, ನಿಜವಾಗಿ ಕೆಳಗೆ ಬೀಳುತ್ತಿದ್ದವರು ಹೇಳುವಂತೆ. ತರಬೇತಿ ಮುಂದಿನ ತಿಂಗಳಿಂದ ಎಂದು ಆಫೀಸಿನಲ್ಲಿ ಹೇಳಿದರು. ಹೊರಗೆ ಬಂದು ಪಾರ್ಕಿಂಗಿನ ಕಟ್ಟೆಯ ಮೇಲೆ ಕೂತು ಮನೆಗೆ ಫೋನ್ ಮಾಡಿದೆ. ಅಪ್ಪ ಎತ್ತಿದರು.

“ಆಯ್ತಪ್ಪ. ಪಾಸು,” ಎಂದೆ.

ಅಪ್ಪ ಯಾರಿಗೋ ಗಟ್ಟಿಯಾಗಿ, “ಪಾಸಂತೆ ಕಣ್ರೋ!” ಎಂದದ್ದು ಕೇಳಿತು. ಆಮೇಲೆ ದನಿ ತಗ್ಗಿಸಿ ಕೇಳಿದರು, “ಕೂಗ್ದ್ಯಾ ಅವ್ರ ಮೇಲೆ?”

“ಕೂಗ್ದೆ. ಕೈನೂ ತಳ್ದೆ.”

“ಅಯ್ಯೋ! ಅಷ್ಟ್ ದೊಡ್ಡೋರು, ಬೇಜಾರ್ ಮಾಡ್ಕಂಡ್ರಾ?”

“ಇಲ್ಲಪ್ಪ. ಥ್ಯಾಂಕ್ಸ್ ಅಂದ್ರು.”

“ಥ್ಯಾಂಕ್ಸ್ ಅಂದ್ರಾ?” ಎಂದರು ಅಪ್ಪ. “ನಾನು ನಿಮ್ಮವ್ವಂಗೆ ಒಂದಿನಾನೂ ಅಂದಿಲ್ಲ ಕಣವ್ವ.”

“ಈಗ ಹೋಗಿ ಹೇಳಿ,” ಎಂದೆ.

“ಈಗಾ? ಇಷ್ಟ್ ವರ್ಷ ಆದ್ಮೇಲೆ? ನಗ್ತಾಳೆ ಬುಡು.”

“ನಗ್ಲಿ. ಹೋಗಿ ಹೇಳಿ.”

ಅಪ್ಪ ಫೋನನ್ನು ಕೆಳಗಿಡಲಿಲ್ಲ, ಕಟ್ ಮಾಡಲೂ ಇಲ್ಲ. ಅವರ ಚಪ್ಪಲಿಯ ಸದ್ದು ಕೇಳಿತು, ಅವ್ವ ಏನೋ ಕೇಳಿದ್ದು ಕೇಳಿತು. ಅಪ್ಪ ಗಂಟಲು ಸರಿ ಮಾಡಿಕೊಂಡು ಅದೇನು ಹೇಳಿದರೋ ನನಗೆ ತಿಳಿಯಲಿಲ್ಲ. ಆಮೇಲೆ ಅವ್ವ ನಕ್ಕಳು. ಸೆರಗು ಬಾಯಿಗೆ ಒತ್ತಿಕೊಳ್ಳದೆ, ಗಟ್ಟಿಯಾಗಿ, ತುಂಬ ಹೊತ್ತು ನಕ್ಕಳು.